ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ವೇಳಾಪಟ್ಟಿಯಲ್ಲಿ 80 ಪಂದ್ಯ ಮಾತ್ರ ಯಾಕಿವೆ? ಪ್ಲೇಆಫ್ (ಸೀಸನ್ ನಂತರದ ನಾಕೌಟ್ ಸುತ್ತುಗಳ) ತಾರೀಖು ಹೇಗೆ ಗೊತ್ತಾಗುತ್ತೆ?

ಪಿಕ್‌ ಅಂಡ್‌ ರೋಲ್:
ಒಂದು ತಂಡಕ್ಕೆ 82 ಪಂದ್ಯ ಅಂತಾರೆ. ಆದರೆ ಆಗಸ್ಟ್‌ನಲ್ಲಿ ಬಿಡುವ ಪಟ್ಟಿಯಲ್ಲಿ ಎಣಿಸಿದರೆ 80 ಮಾತ್ರ ಸಿಗುತ್ತೆ. ಒಂದೇ ಕಾನ್ಫರೆನ್ಸ್‌ನ (ಲೀಗಿನ ಅರ್ಧಭಾಗದ) ಕೆಲವು ತಂಡಗಳ ಜೊತೆ 4 ಸಲ, ಕೆಲವರ ಜೊತೆ 3 ಸಲ ಆಡೋದು ಯಾವ ಲೆಕ್ಕದಲ್ಲಿ? ಸ್ಯಾನ್ ಆಂಟೋನಿಯೊ ಸ್ಪರ್ಸ್ ಫೆಬ್ರವರಿಯಲ್ಲಿ ಊರಲ್ಲೇ ಇರಲ್ಲ, ಅದ್ಯಾಕೆ? ಇನ್ನೊಂದು, ಫೈನಲ್ಸ್ ಶುರುವಾಗುವ ದಿನ ಮೊದಲೇ ಗೊತ್ತಿರುತ್ತೆ, ಎರಡನೇ ಸುತ್ತಿನದು ಮಾತ್ರ ಕೊನೇ ಗಳಿಗೆವರೆಗೂ ಗೊತ್ತಾಗಲ್ಲ. ತಿಳಿದವರು ಬಿಡಿಸಿ ಹೇಳಿ.

ಆರನೇ ಫೌಲ್:
ಮೊದಲು ಲೆಕ್ಕ ಮುಗಿಸೋಣ. 30 ತಂಡ, 2 ಕಾನ್ಫರೆನ್ಸ್, ಒಂದೊಂದರಲ್ಲಿ 5 ತಂಡಗಳ 3 ಡಿವಿಷನ್. ಸ್ವಂತ ಡಿವಿಷನ್ನಿನ 4 ತಂಡಗಳ ಜೊತೆ ತಲಾ 4 ಪಂದ್ಯ, ಅಂದರೆ 16. ಆಚೆ ಕಾನ್ಫರೆನ್ಸ್‌ನ 15 ತಂಡಗಳ ಜೊತೆ ತಲಾ 2, ಅಂದರೆ 30. ಇನ್ನು ಉಳಿದದ್ದು ಸ್ವಂತ ಕಾನ್ಫರೆನ್ಸ್‌ನ ಬೇರೆ ಡಿವಿಷನ್‌ಗಳ 10 ತಂಡ. ಇವರಲ್ಲಿ 6 ತಂಡಗಳ ಜೊತೆ ತಲಾ 4 (24), 4 ತಂಡಗಳ ಜೊತೆ ತಲಾ 3 (12). ಕೂಡಿದರೆ 82. ಆ 3ರ ಪಾಳಿಗೆ ಯಾರು ಬೀಳಬೇಕು ಅನ್ನೋದು 5 ವರ್ಷದ ಸರದಿಯಲ್ಲಿ ತಿರುಗುತ್ತೆ. ಮೂರು ಪಂದ್ಯ ಆಡುವ 4 ತಂಡಗಳಲ್ಲಿ ಇಬ್ಬರ ಜೊತೆ ಮನೆಯಲ್ಲಿ (ಸ್ವಂತ ಊರಲ್ಲಿ) 2, ಇನ್ನಿಬ್ಬರ ಜೊತೆ ಮನೆಯಲ್ಲಿ 1. ಹಾಗಾಗಿ ಮನೆ 41, ಹೊರಗೆ 41 ಸರಿಹೋಗುತ್ತೆ.

80 ಯಾಕೆ ಅಂದರೆ, ಸೀಸನ್ ನಡುವೆಯೇ ನಡೆಯುವ ಟೂರ್ನಿ, ಎನ್‌ಬಿಎ ಕಪ್. 2023-24ರಿಂದ ಇದೆ. 5 ತಂಡಗಳ 6 ಗುಂಪು, ಗುಂಪಿನ 4 ಪಂದ್ಯವೂ ಆ 80ರಲ್ಲೇ ಸೇರಿವೆ. ಗುಂಪು ಗೆದ್ದ 6 ತಂಡ, ಜೊತೆಗೆ 2 ವೈಲ್ಡ್ ಕಾರ್ಡ್ (ಗುಂಪಿನಲ್ಲಿ ಎರಡನೆಯವರಾದವರಲ್ಲಿ ಉತ್ತಮರು), ಒಟ್ಟು 8 ತಂಡ ಕ್ವಾರ್ಟರ್‌ಫೈನಲ್‌ಗೆ. ಹೊರಬಿದ್ದ 22 ತಂಡಗಳಿಗೆ ಡಿಸೆಂಬರ್‌ನ ಖಾಲಿ ದಿನಗಳಲ್ಲಿ ಮನೆಯಲ್ಲೊಂದು, ಹೊರಗೊಂದು ಪಂದ್ಯ ಹೊಂದಿಸುತ್ತಾರೆ. ಕ್ವಾರ್ಟರ್‌ಫೈನಲ್‌ನಲ್ಲಿ ಸೋತವರಿಗೆ ಇನ್ನೊಂದು ಪಂದ್ಯ ಕೊಡುತ್ತಾರೆ. ಸೆಮಿಫೈನಲ್ ಆಡಿದವರಿಗೆ ಅದೇ 82ನೆಯದು. ಕಪ್ಪಿನ ಫೈನಲ್ ಮಾತ್ರ 83ನೇ ಪಂದ್ಯ, ಗೆಲುವು-ಸೋಲಿನ ಪಟ್ಟಿಗೆ ಸೇರಲ್ಲ.

ಬಜರ್ ಬೀಟರ್:
@ಆರನೇ ಫೌಲ್, ಒಂದು ಸೇರಿಸಬೇಕು. ಕಪ್ ಬಂದ ಮೇಲೆ ಆ 4-3-2 ಲೆಕ್ಕ ಎಲ್ಲರಿಗೂ ಅಚ್ಚುಕಟ್ಟಾಗಿ ಕೂರಲ್ಲ. 2023-24ರಲ್ಲಿ ಇಂಡಿಯಾನಾ ಮತ್ತು ಮಿಲ್ವಾಕಿ ಕಪ್ಪಿನ ಸೆಮಿಫೈನಲ್‌ನಲ್ಲೂ ಎದುರಾದ್ದರಿಂದ ರೆಗ್ಯುಲರ್ ಸೀಸನ್‌ನಲ್ಲೇ (ಆ 82 ಪಂದ್ಯಗಳಲ್ಲೇ) 5 ಸಲ ಆಡಿದವು.

ಇನ್ನು ಸ್ಪರ್ಸ್ ವಿಷಯ. ಫೆಬ್ರವರಿಯಲ್ಲಿ ಅವರ ಅರೀನಾ ರೋಡಿಯೊಗೆ ಹೋಗುತ್ತೆ, ಅಂಕಣದ ಜಾಗದಲ್ಲಿ ಮಣ್ಣು ಹಾಕಿ ಕುದುರೆ, ಗೂಳಿ ಓಡಿಸುತ್ತಾರೆ. ತಂಡ ಅಷ್ಟು ದಿನವೂ ಪರವೂರಲ್ಲಿ. ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭ ಲಾಸ್ ಏಂಜಲೀಸ್‌ನಲ್ಲಿ ನಡೆದಾಗ ಅಲ್ಲಿನ ಲೇಕರ್ಸ್‌ಗೂ ಇದೇ ಪಾಡು.

ವೇಳಾಪಟ್ಟಿ ಅಂದ ಕೂಡಲೇ ಎಲ್ಲರೂ ಟಿವಿ, ಪ್ರಯಾಣ ಅಂತ ಶುರುಮಾಡುತ್ತಾರೆ. ಅವೆಲ್ಲ ಆಮೇಲಿನ ಮಾತು, ಮೊದಲು ಬೇಕಿರೋದು ಅರೀನಾ ಖಾಲಿ ಇರುವ ದಿನಗಳ ಪಟ್ಟಿ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕ್ಸ್ ಜೊತೆ ಐಸ್ ಹಾಕಿಯ ರೇಂಜರ್ಸ್ ಇದ್ದಾರೆ. ಬಾಸ್ಟನ್, ಶಿಕಾಗೊ, ಡೆನ್ವರ್, ಟೊರಾಂಟೊ ಎಲ್ಲ ಕಡೆ ಇದೇ ಕಥೆ. ಹಿಮ ಕರಗಿಸಲ್ಲ, ಅದರ ಮೇಲೆ ಶಾಖ ತಡೆಯುವ ಹಲಗೆ ಹೊದಿಸಿ ಮರದ ಅಂಕಣವನ್ನು ತುಂಡು ತುಂಡಾಗಿ ಜೋಡಿಸುತ್ತಾರೆ. ಕೆಲವೇ ಗಂಟೆಯ ಕೆಲಸ, ಆದರೂ ದಿನಕ್ಕೊಂದರಂತೆ ಹಾಕಿ, ಸಂಗೀತ ಕಛೇರಿ, ಬ್ಯಾಸ್ಕೆಟ್‌ಬಾಲ್ ಅಂದರೆ 41 ದಿನ ಹೊಂದಿಸೋದು ಸುಲಭ ಅಲ್ಲ.

ಇದರ ಮೇಲೆ ಆಟಗಾರರ ವಿಶ್ರಾಂತಿ. 5 ರಾತ್ರಿಯಲ್ಲಿ 4 ಪಂದ್ಯ ಅನ್ನೋದನ್ನ 2017-18ರಿಂದ ತೆಗೆದಿದ್ದಾರೆ. ಅದಕ್ಕೋಸ್ಕರ ಸೀಸನ್ ಸುಮಾರು ಒಂದು ವಾರ ಮುಂಚೆ ಶುರುಮಾಡಿ, ಪ್ರೀಸೀಸನ್ (ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳು) ಮೊಟಕುಗೊಳಿಸಿದರು. ಸತತ ಎರಡು ರಾತ್ರಿಯ ಪಂದ್ಯಗಳು ಇನ್ನೂ ಇವೆ. ನನ್ನ ಪ್ರಕಾರ 82 ಪಂದ್ಯ ಇರುವವರೆಗೆ ಅವು ಹೋಗಲ್ಲ.

ಪಿಕ್‌ ಅಂಡ್‌ ರೋಲ್:
ಹಾಗಾದ್ರೆ ಒಂದು ಪಂದ್ಯ ನಿಂತುಹೋದರೆ?

ಬಜರ್ ಬೀಟರ್:
ಎರಡೂ ತಂಡಕ್ಕೆ ಬಿಡುವಿರುವ ದಿನ, ಆ ದಿನ ಅರೀನಾನೂ ಖಾಲಿ, ಜೊತೆಗೆ 5 ರಾತ್ರಿಯ ಮಿತಿ ದಾಟಬಾರದು. ಮೂರೂ ಕೂಡಿ ಬರೋದು ಅಪರೂಪ, ಅದಕ್ಕೇ ಒಂದನ್ನು ಕದಲಿಸಿದರೆ ಬೇರೆ ಪಂದ್ಯಗಳನ್ನೂ ಕದಲಿಸಬೇಕಾಗುತ್ತೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕಾಳ್ಗಿಚ್ಚಿನಿಂದ ಮುಂದೂಡಿದ 9ನೇ ತಾರೀಖಿನ ಲೇಕರ್ಸ್-ಹಾರ್ನೆಟ್ಸ್ ಪಂದ್ಯ ನಡೆದದ್ದು ಫೆಬ್ರವರಿ 19ಕ್ಕೆ. ಸೀಸನ್ ಕೊನೆಯಲ್ಲಾದರೆ ರದ್ದು ಮಾಡೋದೂ ಉಂಟು: 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಮರುದಿನದ ಸೆಲ್ಟಿಕ್ಸ್-ಪೇಸರ್ಸ್ ಪಂದ್ಯ ಮತ್ತೆ ಆಡಿಸಲೇ ಇಲ್ಲ. ಆ ವರ್ಷ ಇಬ್ಬರಿಗೂ 81 ಪಂದ್ಯ.

ಗೇಮ್ ಸೆವೆನ್:
ಪ್ಲೇಆಫ್ ಭಾಗ ನಾನು ಹೇಳ್ತೀನಿ. ರೆಗ್ಯುಲರ್ ಸೀಸನ್ ಭಾನುವಾರ ಮುಗಿಯುತ್ತೆ. ಮಂಗಳವಾರದಿಂದ ಶುಕ್ರವಾರದೊಳಗೆ ಪ್ಲೇ-ಇನ್, ಅಂದರೆ ಪ್ರತಿ ಕಾನ್ಫರೆನ್ಸ್‌ನಲ್ಲಿ ಪ್ಲೇಆಫ್‌ನ ಕೊನೆಯ 2 ಜಾಗಗಳಿಗೆ ಪೈಪೋಟಿ. 7 ಮತ್ತು 8ನೇ ಸ್ಥಾನದವರಲ್ಲಿ ಗೆದ್ದವರು 7ನೇ ಸೀಡ್ (ಪ್ಲೇಆಫ್ ಶ್ರೇಯಾಂಕ). 9 ಮತ್ತು 10ರಲ್ಲಿ ಸೋತವರು ಮನೆಗೆ. ಆಮೇಲೆ ಮೊದಲನೆಯದರಲ್ಲಿ ಸೋತವರು ತಮ್ಮ ಊರಲ್ಲೇ ಎರಡನೆಯದರಲ್ಲಿ ಗೆದ್ದವರ ಜೊತೆ 8ನೇ ಸೀಡ್‌ಗೆ ಆಡುತ್ತಾರೆ. ಶನಿವಾರ ಮೊದಲ ಸುತ್ತು ಶುರು.

ನಾಲ್ಕೂ ಸುತ್ತು 7 ಪಂದ್ಯಗಳವು, 4 ಗೆದ್ದವರು ಮುಂದೆ. ಮನೆ-ಹೊರಗೆ ಕ್ರಮ 2-2-1-1-1, ಅಂದರೆ 1, 2, 5, 7ನೇ ಪಂದ್ಯ ಮೇಲಿನ ತಂಡದ ಊರಲ್ಲಿ. ಫೈನಲ್ಸ್‌ನಲ್ಲಿ ಮಾತ್ರ 1985ರಿಂದ 2013ರವರೆಗೆ 2-3-2 ಇತ್ತು. ಪ್ರಯಾಣ ಕಮ್ಮಿ, ಆದರೆ 5ನೇ ಪಂದ್ಯ ಕೆಳಗಿನ ತಂಡದ ಪಾಲಾಗುತ್ತಿತ್ತು. ಬದಲಿಸಿದ್ದೇ ಸರಿ.

ತಾರೀಖಿನ ಗುಟ್ಟು ಇದು: 5, 6, 7ನೇ ಪಂದ್ಯಗಳಿಗೆ ದಿನ ಕಾದಿರಿಸುತ್ತಾರೆ, ಬೇಕಾದರೆ ಮಾತ್ರ ಆಡಿಸುತ್ತಾರೆ. ಎದುರಾಗಬೇಕಾದ ಎರಡೂ ತಂಡಗಳ ಸರಣಿ ಬೇಗ ಮುಗಿದರೆ ಎರಡನೇ ಸುತ್ತನ್ನು ಮುಂಚಿತವಾಗಿ ಶುರುಮಾಡಬಹುದು. ಒಂದು ಏಳನೇ ಪಂದ್ಯಕ್ಕೆ ಎಳೆದರೆ ಇನ್ನೊಬ್ಬರು ಕಾಯಬೇಕು. ಫೈನಲ್ಸ್ ಮಾತ್ರ ಕದಲಲ್ಲ. 2025ರಲ್ಲಿ ಜೂನ್ 5, 8, 11, 13, 16, 19, 22. ಏಳೂ ಆಡಿ ಒಕ್ಲಹೋಮಾ ಸಿಟಿ ಗೆದ್ದಿತು.

ಪಿಕ್‌ ಅಂಡ್‌ ರೋಲ್:
ಡಿವಿಷನ್ ಗೆದ್ದವರಿಗೆ ಮೊದಲ ನಾಲ್ಕರೊಳಗೆ ಜಾಗ ಖಾತ್ರಿ ಅಲ್ವಾ?

ಗೇಮ್ ಸೆವೆನ್:
ಅದು ಹಳೇ ನಿಯಮ, 2015-16ರಿಂದ ಇಲ್ಲ. ಅದರ ಹಿಂದಿನ ವರ್ಷ ಡಿವಿಷನ್ ಗೆದ್ದ ಪೋರ್ಟ್‌ಲೆಂಡ್ 51 ಗೆದ್ದು 4ನೇ ಸೀಡ್, 55 ಗೆದ್ದ ಮೆಂಫಿಸ್ 5ನೆಯದು, 55 ಗೆದ್ದ ಸ್ಪರ್ಸ್ 6ನೆಯದು! ಈಗ ಗೆಲುವಿನ ಲೆಕ್ಕ ಮಾತ್ರ. ಎರಡು ತಂಡ ಸಮ ಆದರೆ ಮೊದಲು ಪರಸ್ಪರ ಪಂದ್ಯಗಳ ಫಲಿತಾಂಶ ನೋಡುತ್ತಾರೆ, ಅದೂ ಸಮ ಆದರೆ ಡಿವಿಷನ್ ಗೆದ್ದವರು ಮೇಲೆ. ಮೂರು ಅಥವಾ ಹೆಚ್ಚು ತಂಡ ಸಮ ಆದಾಗ ಕ್ರಮ ತಿರುಗುಮುರುಗು, ಡಿವಿಷನ್ನೇ ಮೊದಲು. ಏಪ್ರಿಲ್‌ನಲ್ಲಿ ಲೆಕ್ಕ ಹಾಕುವವರು ಎಡವೋದು ಇಲ್ಲೇ.

ಆರನೇ ಫೌಲ್:
ಭಾರತದಲ್ಲಿ ಕೂತು ನೋಡುವವರಿಗೆ: ನ್ಯೂಯಾರ್ಕ್‌ನ ಸಂಜೆ 7 ಅಂದರೆ ನವೆಂಬರ್ ಮೊದಲ ಭಾನುವಾರದವರೆಗೆ ನಮಗೆ ಮರುದಿನ ಬೆಳಗಿನ ಜಾವ 4:30, ಆಮೇಲೆ 5:30. ಮಾರ್ಚ್ ಎರಡನೇ ಭಾನುವಾರದಿಂದ ಮತ್ತೆ 4:30. ಅಲ್ಲಿ ರಾತ್ರಿ 8:30ಕ್ಕೆ ಶುರುವಾಗುವ ಫೈನಲ್ಸ್ ಪಂದ್ಯ ಇಲ್ಲಿ ಬೆಳಿಗ್ಗೆ 6ಕ್ಕೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವಾಗ ಅಮೆರಿಕದ ತಾರೀಖಿಗೆ ಒಂದು ದಿನ ಕೂಡಿಸಿ. ಕ್ರಿಸ್‌ಮಸ್ ದಿನದ ಮಧ್ಯಾಹ್ನ 12ರ ಪಂದ್ಯಕ್ಕೆ ಕೂಡಿಸೋದು ಬೇಡ, ಅದು ಅದೇ ರಾತ್ರಿ 10:30ಕ್ಕೇ ಬರುತ್ತೆ.