ಅಪ್‌ಡೇಟ್: ಕೊನೆಗೆ ಸ್ಪಾರ್ಕ್ ಯಂತ್ರವನ್ನೇ ಕೊಂಡೆ

ನನ್ನ ಸಿ ಪ್ರೋಗ್ರಾಂಗಳನ್ನು ಬಿಗ್-ಎಂಡಿಯನ್ (ಸಂಖ್ಯೆಯ ಹೆಚ್ಚು ಬೆಲೆಯ ಬೈಟನ್ನು ಮೊದಲು ಇಡುವ) ಯಂತ್ರದಲ್ಲಿ ಪರೀಕ್ಷಿಸಲು ಆಪಲ್‌ನ ಪವರ್ ಮ್ಯಾಕ್ ಜಿ5 ಕೊಳ್ಳಬೇಕೋ ಸ್ಪಾರ್ಕ್ ಪ್ರೊಸೆಸರ್ ಇರುವ ಸನ್ ಅಲ್ಟ್ರಾ 5 ಕೊಳ್ಳಬೇಕೋ ಎಂದು ಹಿಂದೆ ಕೇಳಿದ್ದೆ. 2005ರ ನಾಲ್ಕು ಕೋರ್‌ಗಳ ಜಿ5 ವೇಗದಲ್ಲಿ ಬಹಳ ಮುಂದಿದ್ದರೂ, ಅದರ ಕೂಲಿಂಗ್ ದ್ರವ ಸೋರಿ ಬೋರ್ಡನ್ನೇ ಹಾಳುಮಾಡಬಹುದೆಂಬ ನಿಮ್ಮ ಎಚ್ಚರಿಕೆಗೆ ಕಿವಿಗೊಟ್ಟು, 1998ರಲ್ಲಿ ಬಂದ ಅಲ್ಟ್ರಾ 5 ಅನ್ನೇ ಆರಿಸಿದೆ. ಹಳೆಯ ಪಿಸಿಗಳಲ್ಲಿದ್ದಂಥ ಸಾಮಾನ್ಯ ಐಡಿಇ ಡಿಸ್ಕ್ ಅದಕ್ಕೆ ಸಾಕಾಗುವುದೂ ಒಂದು ಕಾರಣ. ಯಂತ್ರದ ಸೆಟ್ಟಿಂಗ್‌ಗಳನ್ನು ನೆನಪಿಡುವ ಎನ್‌ವಿರ್ಯಾಮ್ ಚಿಪ್ಪಿನೊಳಗಿನ ಬ್ಯಾಟರಿ ಸತ್ತು ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಈಥರ್‌ನೆಟ್ ವಿಳಾಸ ಅಳಿಸಿಹೋಗಿರುವುದನ್ನು ಮಾರಿದವರು ಹೇಳಿರಲಿಲ್ಲ. ಹೊಸ ಚಿಪ್ ಬರುವವರೆಗೆ, ಕರೆಂಟು ಹೋಗಿ ಬಂದಾಗಲೆಲ್ಲ ಬೂಟ್ ಆಗುವ ಮೊದಲು ಸಿಗುವ ‘ಓಕೆ’ ಪ್ರಾಂಪ್ಟಿನಲ್ಲಿ ಆ ವಿಳಾಸದ ಅಂಕಿಗಳನ್ನು ಕೈಯಾರೆ ಟೈಪಿಸಬೇಕಾಗಿದೆ. ಅದರಲ್ಲಿ ಹಾಕಿದ ನೆಟ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ ಚೆನ್ನಾಗಿ ನಡೆಯುತ್ತಿದೆ. ಸಾಮಾನ್ಯ ಪಿಸಿಯ ಎಕ್ಸ್86 ಪ್ರೊಸೆಸರ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ್ದ ನನ್ನ ಪ್ರೋಗ್ರಾಂ ಇಲ್ಲಿ ಮೊದಲ ದಿನವೇ ‘ಬಸ್ ಎರರ್’ ಕೊಟ್ಟು ನಿಂತಿತು. ಕಾರಣ, ಮೆಮೊರಿಯಲ್ಲಿ ನಾಲ್ಕರಿಂದ ಭಾಗವಾಗದ ವಿಳಾಸದಿಂದ 32 ಬಿಟ್ ಸಂಖ್ಯೆಯನ್ನು ಓದಲು ಸ್ಪಾರ್ಕ್ ಒಪ್ಪುವುದಿಲ್ಲ.