ಸಹಾಯ ಬೇಕು: ಪುಟವಿನ್ಯಾಸದ ಕೆಲಸಕ್ಕೆ ಗ್ಲಾಸಿ (ಹೊಳಪಿನ) ಪರದೆಯೋ, ಮ್ಯಾಟ್ (ಹೊಳಪಿಲ್ಲದ) ಪರದೆಯೋ?

ಎಲ್ಲರಿಗೂ ನಮಸ್ಕಾರ. ಕನ್ನಡ ಪುಸ್ತಕಗಳ ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸಕ್ಕಾಗಿ 14 ಇಂಚಿನ ಲ್ಯಾಪ್‌ಟಾಪ್ ಕೊಳ್ಳಬೇಕಾಗಿದ್ದು, ಪರದೆಯ ಆಯ್ಕೆಯಲ್ಲಿ ನಿಮ್ಮ ಸಲಹೆ ಬೇಕಾಗಿದೆ. ನಾನು ಕೂರುವ ಜಾಗದ ಬೆನ್ನಿಗೇ ದೊಡ್ಡ ಕಿಟಕಿಯಿರುವುದರಿಂದ, ಗ್ಲಾಸಿ ಪರದೆಯಲ್ಲಿ ಬಣ್ಣಗಳು ಎಷ್ಟೇ ಗಾಢವಾಗಿ ಕಂಡರೂ ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳ ಮೇಲೆ ಕಿಟಕಿಯ ಸರಳುಗಳೇ ಮೂಡುತ್ತವೆ. ಮ್ಯಾಟ್ ಪರದೆ ಆ ಬೆಳಕನ್ನು ಚದುರಿಸುತ್ತದೆ ನಿಜ. ಆದರೆ ಅಂಗಡಿಯಲ್ಲಿ ನೋಡಿದ ಒಂದರಲ್ಲಿ ಬಿಳಿ ಪುಟದ ಮೇಲೆ ಸಣ್ಣ ಮರಳಿನಂಥ ಮಿನುಗು ಕಾಣಿಸಿ, ‘ಲಕ್ಷ್ಮಿ’ಯಂಥ ಪದದ ಒತ್ತಕ್ಷರಗಳ ಅಂಚು ಒಡೆದಂತಿತ್ತು. ಒಂದು ಒತ್ತು ಕಣ್ತಪ್ಪಿದರೂ ಪದವೇ ಕೆಡುವುದರಿಂದ ಬಣ್ಣಕ್ಕಿಂತ ಈ ಸ್ಪಷ್ಟತೆಯೇ ನನಗೆ ಮುಖ್ಯ. ಮೇಜನ್ನು ತಿರುಗಿಸಲು ಜಾಗವಿಲ್ಲ. 400 ನಿಟ್ಸ್ ಪ್ರಕಾಶದ ಗ್ಲಾಸಿ ಪರದೆ ಇಂಥ ಬೆಳಕಿಗೆ ಸಾಕಾಗುತ್ತದೆಯೇ? ಅದಕ್ಕೆ ಮ್ಯಾಟ್ ಫಿಲ್ಮ್ ಅಂಟಿಸಿದರೆ ಸಣ್ಣ ಅಕ್ಷರಗಳು ಮಂಜಾಗುತ್ತವೆಯೇ? ದಿನವಿಡೀ ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.