‘ಸೋಮವಾರ ರಾತ್ರಿ 2 ಗಂಟೆ’ ಅಂದರೆ ಯಾವ ದಿನ?

ಗೆಳೆಯರೇ, ನೋಡೋಕೆ ಸಣ್ಣ ಅನುಮಾನ, ಆದರೆ ಇದರಿಂದ ನನಗೆ ಒಂದು ದಿನದ ಕೆಲಸ ಕೆಟ್ಟಿದೆ.

ನಾನು ಒಂದು ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಸ್ವಿಚ್, ರೂಟರ್‌ಗಳ ಕಾನ್ಫಿಗರೇಶನ್ ತಾನಾಗಿಯೇ ಬ್ಯಾಕಪ್ ಆಗಲಿ ಅಂತ ಒಂದು ಸ್ಕ್ರಿಪ್ಟ್ ಇಟ್ಟಿದ್ದೇವೆ. ಆಗ ಅದು ವಾರಕ್ಕೊಮ್ಮೆ ಓಡುತ್ತಿತ್ತು. ಬದಲಾವಣೆ ಏನಿದ್ದರೂ ಸೋಮವಾರ ಸಂಜೆ ಮಾಡುವುದು ನಮ್ಮಲ್ಲಿ ರೂಢಿ, ಹಾಗಾಗಿ ಟಿಪ್ಪಣಿಯಲ್ಲಿ ನಾನೇ ‘ಸೋಮವಾರ ರಾತ್ರಿ 2 ಗಂಟೆಗೆ ಬ್ಯಾಕಪ್’ ಅಂತ ಬರೆದಿಟ್ಟಿದ್ದೆ. ಹೊಸದಾಗಿ ಸೇರಿದ ಹುಡುಗ ಅದನ್ನು ನೋಡಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿಯೇ ಓಡಿಸುವ ಪ್ರೋಗ್ರಾಂ) 0 2 * * 1 ಅಂತ ಹಾಕಿದ. ಮೊದಲ ಸೊನ್ನೆ ನಿಮಿಷ, ಆಮೇಲಿನ 2 ಗಂಟೆ, ಕೊನೆಯ 1 ಸೋಮವಾರ. ಬರೆದದ್ದಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಕ್ರಾನ್‌ಗೆ ದಿನ ಶುರುವಾಗುವುದು ಮಧ್ಯರಾತ್ರಿ 12ಕ್ಕೆ. ಅದರ ಸೋಮವಾರ 2 ಗಂಟೆ ಅಂದರೆ ನಾವು ಭಾನುವಾರ ರಾತ್ರಿ ಉಂಡು ಮಲಗಿ ಗೊರಕೆ ಹೊಡೆಯುವ ಹೊತ್ತು. ಸಂಜೆಯ ಬದಲಾವಣೆ ಮುಂದಿನ ವಾರದ ತನಕ ಬ್ಯಾಕಪ್‌ಗೆ ಸೇರುವುದೇ ಇಲ್ಲ!

ಒಂದು ಬುಧವಾರ ಕರೆಂಟ್ ಏರಿಳಿದು ಒಂದು ಸ್ವಿಚ್ ಸುಟ್ಟುಹೋಯಿತು. ಹೊಸದನ್ನು ತಂದು ಬ್ಯಾಕಪ್‌ನಲ್ಲಿದ್ದ ಪ್ರತಿ ಹಾಕಿದರೆ ಸೋಮವಾರ ಸೇರಿಸಿದ್ದ ವಿಲ್ಯಾನ್ (ನೆಟ್‌ವರ್ಕ್ ಒಳಗೇ ಬೇರೆ ಮಾಡಿದ ಒಂದು ಭಾಗ) ಇಲ್ಲ, ಅಕೌಂಟ್ಸ್‌ನವರ ಪ್ರಿಂಟರ್ ನಾಪತ್ತೆ. ಹುಡುಗನನ್ನು ಬೈಯೋಣ ಅಂತ ಬಾಯಿ ತೆರೆದವನು ನನ್ನ ಟಿಪ್ಪಣಿ ನೋಡಿ ಸುಮ್ನಾದೆ. ಈಗ ದಿನಾ ಓಡುವ ಹಾಗೆ 0 2 * * * ಮಾಡಿದ್ದೇವೆ, ಬ್ಯಾಕಪ್ ಮಟ್ಟಿಗೆ ವಾರದ ತಂಟೆ ಇಲ್ಲ. ಆದರೆ ಫರ್ಮ್‌ವೇರ್ ಅಪ್‌ಗ್ರೇಡ್, ರೀಬೂಟ್ ಇವಕ್ಕೆಲ್ಲ ದಿನ ಬರೆಯಲೇಬೇಕು.

ಮಾತಿನಲ್ಲಿ ನಮಗೆ ಬೆಳಗಾಗುವ ತನಕ ಹಿಂದಿನ ದಿನವೇ. ಪಂಚಾಂಗದಲ್ಲೂ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ರಾತ್ರಿ 12.20ರ ರೈಲಿಗೆ ಟಿಕೆಟ್ ಮಾಡಿಸಿ ಒಂದು ದಿನ ತಡವಾಗಿ ಸ್ಟೇಷನ್‌ಗೆ ಹೋದವರು ನಿಮ್ಮ ನೆಂಟರಲ್ಲೂ ಇರಬೇಕು.

‘ಮಂಗಳವಾರ ಬೆಳಗಿನ ಜಾವ 2’ ಅಂತ ಬರೆಯಿರಿ ಎಂದರು ಒಬ್ಬರು. ಪತ್ರಿಕೆಗಳಲ್ಲೂ ಹಾಗೆ ಕಾಣುತ್ತದೆ, ನನ್ನ ಕಿವಿಗೆ ಮಾತ್ರ ಒಗ್ಗುವುದಿಲ್ಲ. ಜಾವ ಅಂದರೆ 3 ಗಂಟೆ, ರಾತ್ರಿಗೆ ನಾಲ್ಕು ಜಾವ. ಸಂಜೆ 6ರಿಂದ ಎಣಿಸಿದರೆ ಬೆಳಗಿನ ಜಾವ ಶುರುವಾಗುವುದು 3ಕ್ಕೆ, 2 ಗಂಟೆ ಇನ್ನೂ ಮೂರನೇ ಜಾವ. ‘ಮುಂಜಾನೆ 2’ ಅಂತೂ ಇನ್ನೂ ದೂರ. ನಡುರಾತ್ರಿ, ಸರಿರಾತ್ರಿ ಅಂದರೆ ಮತ್ತೆ ಹಿಂದಿನ ದಿನಕ್ಕೇ ಅಂಟಿಕೊಳ್ಳುತ್ತದೆ. ‘ಮಂಗಳವಾರ 02:00’ ಕಾಗದದ ಮೇಲೆ ಚೆನ್ನ, ಫೋನಿನಲ್ಲಿ ಹೇಳಿದರೆ ‘ಮಧ್ಯಾಹ್ನಾನಾ ಸಾರ್?’ ಅಂತ ಕೇಳುತ್ತಾರೆ.

ಕೊನೆಗೆ ನೆನಪಾದದ್ದು ಅಮ್ಮನ ಮಾತು. ನಾನು ಹುಟ್ಟಿದ ದಿನ ಕೇಳಿದರೆ ಅಮ್ಮ ಹೇಳುವುದು ‘ಗುರುವಾರ ರಾತ್ರಿ, ಬೆಳಗಾದ್ರೆ ಶುಕ್ರವಾರ’ ಅಂತ. ಎರಡೂ ದಿನ ಬಂತು, ಗೊಂದಲವೇ ಇಲ್ಲ. ಈಗ ನಾನೂ ‘ಸೋಮವಾರ ರಾತ್ರಿ 2, ಬೆಳಗಾದರೆ ಮಂಗಳವಾರ’ ಅಂತಲೇ ಬರೆಯುತ್ತಿದ್ದೇನೆ. ಶೀಟಿನ ಕಾಲಂಗೆ ಇದು ಸ್ವಲ್ಪ ಉದ್ದವಾಯಿತು. 12ರಿಂದ 3ರ ತನಕದ ಆ ಹೊತ್ತಿಗೆ, ಮರುದಿನಕ್ಕೆ ಸೇರಿದ್ದು ಅಂತ ಕೇಳಿದ ಕೂಡಲೇ ಗೊತ್ತಾಗುವ ಒಂದೇ ಪದ ನಿಮ್ಮ ಕಡೆ ಇದೆಯಾ?